ಸಿಟ್‌ಕಾಮ್ ಬ್ರೇಕ್‌ನ 30 ಸೆಕೆಂಡ್: ದುಡ್ಡಿಗೆ ತಕ್ಕ ಮಾಲೇ?

2004ರ ಮೇ 6ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿ ‘ಫ್ರೆಂಡ್ಸ್’ ಎಂಬ ಸಿಟ್‌ಕಾಮ್‌ನ, ಅಂದರೆ ಹಾಸ್ಯ ಧಾರಾವಾಹಿಯ, ಕೊನೆಯ ಕಂತು ಪ್ರಸಾರ ಮಾಡಿತು. 30 ಸೆಕೆಂಡ್ ಜಾಹೀರಾತಿಗೆ ಸರಾಸರಿ ದರ 20 ಲಕ್ಷ ಡಾಲರ್. ನೋಡಿದವರು 5.25 ಕೋಟಿ. ಭಾಗಾಕಾರ ಮಾಡಿದರೆ ಸಾವಿರ ನೋಡುಗರಿಗೆ 38 ಡಾಲರ್ ಬಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ನಡುವಿನ 30 ಸೆಕೆಂಡ್‌ಗೆ ಸುಮಾರು 23 ಲಕ್ಷ ಡಾಲರ್ ಇತ್ತು, ನೋಡಿದವರು 9 ಕೋಟಿಯ ಹತ್ತಿರ. ಅಲ್ಲಿ ಸಾವಿರಕ್ಕೆ 26 ಡಾಲರ್ ಕೂಡ ಆಗಲಿಲ್ಲ. ಅಂದರೆ ಆ ವರ್ಷ ಅಮೆರಿಕದ ಟೀವಿಯಲ್ಲಿ ತಲೆ ಲೆಕ್ಕಕ್ಕೆ ಅತಿ ದುಬಾರಿ ಮಾಲುಗಳಲ್ಲಿ ಒಂದು ಸಿಟ್‌ಕಾಮ್‌ನ ಬ್ರೇಕ್ ಆಗಿತ್ತು.

ಇಲ್ಲಿ ಪರೀಕ್ಷೆಗೆ ಕೂತಿರುವುದು ಆ ಮಾಲೇ. ಧಾರಾವಾಹಿ ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಬೇರೆಯವರ ತಲೆನೋವು. ಅದರ ನಡುವಿನ ಜಾಹೀರಾತು ಸಮಯವನ್ನು ಕಾಸು ಕೊಟ್ಟು ಕೊಳ್ಳುವವನಿಗೆ ಏನು ಸಿಗುತ್ತದೆ ಅನ್ನೋದಷ್ಟೇ ಪ್ರಶ್ನೆ.

ಮೊದಲು ಕೊನೆಯ ಕಂತುಗಳ ವಿಷಯ. ಸುದ್ದಿಯಾಗುವುದು ಅವೇ, ಕೊಳ್ಳಲು ಯೋಗ್ಯತೆ ಕಡಿಮೆ ಇರುವುದೂ ಅವಕ್ಕೇ. 1983ರ ಫೆಬ್ರವರಿ 28ರಂದು ಸಿಬಿಎಸ್‌ನಲ್ಲಿ ‘ಮ್ಯಾಶ್’ನ ಎರಡೂವರೆ ಗಂಟೆಯ ಅಂತಿಮ ಕಂತನ್ನು ಸುಮಾರು 10.6 ಕೋಟಿ ಜನ ನೋಡಿದರು. 30 ಸೆಕೆಂಡ್‌ಗೆ ದರ 4.5 ಲಕ್ಷ ಡಾಲರ್. ಸಾವಿರಕ್ಕೆ ನಾಲ್ಕೂಕಾಲು ಡಾಲರ್ ಆಯಿತು. 1983ರಿಂದ 2004ರ ಹೊತ್ತಿಗೆ ಅಮೆರಿಕದಲ್ಲಿ ಬೆಲೆಯೇರಿಕೆ ಹೆಚ್ಚುಕಡಿಮೆ ಎರಡು ಪಟ್ಟು, ಹಾಗಾಗಿ ಅದನ್ನು ಎಂಟು ಡಾಲರ್ ಅಂತಲೇ ಹಿಡಿಯೋಣ. ನಡುವೆ 1998ರ ಮೇ 14ಕ್ಕೆ ‘ಸೈನ್‌ಫೆಲ್ಡ್’ ಮುಗಿದಾಗ 7.6 ಕೋಟಿ ಜನ, ದರ 15 ಲಕ್ಷ ಡಾಲರ್‌ನ ಆಸುಪಾಸು, ಸಾವಿರಕ್ಕೆ 20 ಡಾಲರ್. ‘ಮ್ಯಾಶ್’ನಿಂದ ‘ಫ್ರೆಂಡ್ಸ್’ಗೆ ಬರುವಷ್ಟರಲ್ಲಿ ನೋಡುಗರು ಅರ್ಧಕ್ಕಿಳಿದರು, ತಲಾ ಬೆಲೆ ಮಾತ್ರ ಸುಮಾರು ಐದು ಪಟ್ಟು ಏರಿತು.

ಇದರಲ್ಲಿ ಹುಚ್ಚುತನ ಏನಿಲ್ಲ, ಕಾರಣ ಇದೆ. 1983ರಲ್ಲಿ ಅಮೆರಿಕದ ಮನೆಗಳಲ್ಲಿ ರಾತ್ರಿಯ ವೇಳೆ ಮುಖ್ಯವಾಗಿ ಮೂರು ನೆಟ್‌ವರ್ಕ್‌ಗಳದೇ ಆಳ್ವಿಕೆ. ಈ ವಾರ ತಪ್ಪಿದರೆ ಮುಂದಿನ ವಾರ ಅಷ್ಟೇ ದೊಡ್ಡ ಜನರಾಶಿ ಇನ್ನೆಲ್ಲೋ ಸಿಗುತ್ತಿತ್ತು. 2004ಕ್ಕೆ ಕೇಬಲ್ ಬಂದು ಆ ಜನರಾಶಿ ನೂರಾರು ಚಾನೆಲ್‌ಗಳಿಗೆ ಚೆದುರಿತ್ತು. ಒಂದೇ ರಾತ್ರಿ ಐದು ಕೋಟಿ ಜನರನ್ನು ಮುಟ್ಟುವ ಅವಕಾಶವೇ ಅಪರೂಪವಾಗಿ, ಅಪರೂಪಕ್ಕೆ ಬೆಲೆ ಬಂತು. ಹೊಸ ಫೋನನ್ನೋ ಹೊಸ ಕಾರನ್ನೋ ದೇಶಕ್ಕೆಲ್ಲ ಒಂದೇ ದಿನ ತೋರಿಸಬೇಕಾದ ಕಂಪನಿಗೆ ಇದು ಸರಿಹೋಗುತ್ತದೆ. ವರ್ಷವಿಡೀ ಸೋಪು ಮಾರುವವರಿಗೆ ಆ 20 ಲಕ್ಷ ಡಾಲರ್‌ನಲ್ಲಿ ಅದೇ ‘ಫ್ರೆಂಡ್ಸ್’ನ ಮಾಮೂಲಿ ವಾರಗಳಲ್ಲೇ ಹಲವು ಸ್ಪಾಟ್ (ಒಂದು ಸಲದ ಜಾಹೀರಾತು) ಸಿಗುತ್ತಿದ್ದವು.

ಮಾಮೂಲಿ ವಾರದ ಸ್ಪಾಟ್ ಚಂದದ ಮಾಲು, ಅದರಲ್ಲೂ ಗುರುವಾರದ್ದು. ಎನ್‌ಬಿಸಿ ತನ್ನ ಬಲವಾದ ಹಾಸ್ಯ ಧಾರಾವಾಹಿಗಳನ್ನೆಲ್ಲ ಗುರುವಾರ ರಾತ್ರಿಗೆ ಜೋಡಿಸಿಟ್ಟಿದ್ದಕ್ಕೆ ವ್ಯಾಪಾರದ ಕಾರಣವಿತ್ತು. ಅಲ್ಲಿ ಸಿನಿಮಾ ಬಿಡುಗಡೆ ಶುಕ್ರವಾರ, ಅಂಗಡಿಗಳ ದೊಡ್ಡ ವ್ಯಾಪಾರ ವಾರಾಂತ್ಯದಲ್ಲಿ. ಹಿಂದಿನ ರಾತ್ರಿ ನೆನಪಿಸಲು ಫಿಲ್ಮ್ ಸ್ಟುಡಿಯೋಗಳೂ ಕಾರು ಕಂಪನಿಗಳೂ ಹೆಚ್ಚು ದುಡ್ಡು ಕೊಡಲು ತಯಾರಿದ್ದವು. ಸಿಟ್‌ಕಾಮ್ ನೋಡುಗರಲ್ಲಿ 18ರಿಂದ 49 ವರ್ಷದವರ ಪಾಲು ಹೆಚ್ಚಿತ್ತು, ನೆಟ್‌ವರ್ಕ್‌ಗಳು ಮಾರುತ್ತಿದ್ದದ್ದೂ ಆ ವಯಸ್ಸಿನ ತಲೆಗಳನ್ನೇ. ಒಟ್ಟು ನೋಡುಗರು ಜಾಸ್ತಿಯಿದ್ದರೂ ವಯಸ್ಸಾದವರೇ ತುಂಬಿರುವ ಪತ್ತೇದಾರಿ ಧಾರಾವಾಹಿಗೆ ಅಷ್ಟು ದರ ಬರುತ್ತಿರಲಿಲ್ಲ.

ಜಾಣ ಖರೀದಿ ಅಂದರೆ ಎರಡು ಗಟ್ಟಿ ಶೋಗಳ ನಡುವೆ ಸಿಕ್ಕಿಸಿದ ಹೊಸ ಶೋ. ಟ್ರೇಡ್‌ನಲ್ಲಿ ಹ್ಯಾಮಕ್ ಸ್ಲಾಟ್ ಅಂತಾರೆ. 1994ರ ಸೆಪ್ಟೆಂಬರ್ 22ರಂದು ‘ಫ್ರೆಂಡ್ಸ್’ ಶುರುವಾದದ್ದೇ ಹಾಗೆ: ಎಂಟು ಗಂಟೆಗೆ ‘ಮ್ಯಾಡ್ ಅಬೌಟ್ ಯೂ’, ಎಂಟೂವರೆಗೆ ಈ ಹೊಸಬರು, ಒಂಬತ್ತಕ್ಕೆ ‘ಸೈನ್‌ಫೆಲ್ಡ್’. ಅಮೆರಿಕದ ನೆಟ್‌ವರ್ಕ್‌ಗಳು ಮುಂದಿನ ಸೀಸನ್ನಿನ ಸಮಯದ ಬಹುಪಾಲನ್ನು ಮೇ ತಿಂಗಳಿನಿಂದಲೇ ಮಾರಿಬಿಡುತ್ತವೆ, ಅದಕ್ಕೆ ಅಪ್‌ಫ್ರಂಟ್ ಎಂದು ಹೆಸರು. ಆಗ ಬರೆದುಕೊಂಡವರಿಗೆ ‘ಫ್ರೆಂಡ್ಸ್’ ಬಿದ್ದದ್ದು ಹೆಸರಿಲ್ಲದ ಹೊಸ ಶೋವಿನ ದರದಲ್ಲಿ. ಆದರೆ ಅಂಥ ಜಾಗದಲ್ಲಿ ಇಟ್ಟ ಶೋಗಳಲ್ಲಿ ಬಹಳಷ್ಟು ಒಂದೆರಡು ಸೀಸನ್ನಿಗೇ ಕಣ್ಮುಚ್ಚಿವೆ ಎನ್ನುವುದನ್ನೂ ಸೇರಿಸಿಕೊಳ್ಳಿ. ಅಪ್‌ಫ್ರಂಟ್ ಖರೀದಿಗೆ ರೇಟಿಂಗ್ ಭರವಸೆ, ಅಂದರೆ ನೂರಕ್ಕೆ ಇಷ್ಟು ಜನ ನೋಡುತ್ತಾರೆ ಎಂಬ ಮಾತು ಇರುತ್ತದೆ, ಕಡಿಮೆ ಬಿದ್ದರೆ ವಾಹಿನಿ ಬೇರೆ ಸ್ಪಾಟ್ ಕೊಟ್ಟು ಸರಿದೂಗಿಸಬೇಕು. ಸೀಸನ್ ನಡೆಯುವಾಗ ಕೊಳ್ಳುವ ಸ್ಕ್ಯಾಟರ್ ಖರೀದಿಗೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ, ದರವೂ ಮೇಲೆಯೇ ಇರುತ್ತದೆ.

ಇನ್ನು ಮಾಲಿನ ಒಳಗಿನ ಕುಸುರಿ. ಅರ್ಧ ಗಂಟೆಯ ಅಮೆರಿಕನ್ ಸಿಟ್‌ಕಾಮ್‌ನಲ್ಲಿ ಕಥೆ ಇರುವುದು ಸುಮಾರು 22 ನಿಮಿಷ. ಉಳಿದ ಎಂಟರಲ್ಲಿ ರಾಷ್ಟ್ರೀಯ ಜಾಹೀರಾತು, ವಾಹಿನಿಯ ಸ್ವಂತ ಪ್ರೋಮೋ, ಊರಿನ ಸ್ಟೇಷನ್ನಿಗೆ ಬಿಟ್ಟ ಪಾಲು. ಬರವಣಿಗೆಯೇ ಈ ಬ್ರೇಕ್‌ಗಳ ಸುತ್ತ ನಡೆಯುತ್ತದೆ. ಟೈಟಲ್‌ಗೂ ಮೊದಲು ಒಂದೆರಡು ನಿಮಿಷದ ನಗೆದೃಶ್ಯ, ಚಾನೆಲ್ ಬದಲಿಸುವ ಕೈಯನ್ನು ತಡೆಯಲು. ನಡುವಿನ ಬ್ರೇಕ್‌ಗೆ ಮುಂಚೆ ಯಾರೋ ಪೇಚಿಗೆ ಸಿಕ್ಕಿಕೊಳ್ಳಲೇಬೇಕು. ಕಥೆ ಮುಗಿದ ಮೇಲೂ ಹೆಸರುಗಳ ಜೊತೆ ಅರ್ಧ ನಿಮಿಷದ ಬಾಲದೃಶ್ಯ. ಅದು ಇರುವುದರಿಂದಲೇ ಕೊನೆಯ ಬ್ರೇಕ್‌ಗೂ ಜನ ಉಳಿಯುತ್ತಾರೆ. ಬಾಲದೃಶ್ಯವೇ ಇಲ್ಲದ ಶೋನಲ್ಲಿ ಕೊನೆಯ ಬ್ರೇಕ್ ನಿಮ್ಮ ಪಾಲಿಗೆ ಬಂದರೆ ದರ ಇಳಿಸಲು ಕೇಳಿ.

ಬ್ರೇಕ್‌ನೊಳಗೆ ಎಷ್ಟನೆಯವರು ಎನ್ನುವುದು ಇನ್ನೂ ಮುಖ್ಯ. ಮೂರು ನಿಮಿಷದ ಬ್ರೇಕ್‌ನಲ್ಲಿ 20 ಸೆಕೆಂಡಿನ ಒಂಬತ್ತು ಜಾಹೀರಾತು ಅಂದುಕೊಳ್ಳಿ. ಐದನೆಯದು ನಿಮ್ಮದಾದರೆ ಬ್ರೇಕ್ ಶುರುವಾಗಿ 80 ಸೆಕೆಂಡ್ ಕಳೆದ ಮೇಲೆ ಅದು ಬರುತ್ತದೆ, ಅಷ್ಟರಲ್ಲಿ ನೋಡುವವರು ಒಲೆಯ ಮೇಲಿನ ಹಾಲು ನೋಡಲು ಎದ್ದಿರುತ್ತಾರೆ. ಮೊದಲನೆಯದಕ್ಕೆ ಎದ್ದೇಳುವ ಮುಂಚಿನ ಕಣ್ಣು ಸಿಗುತ್ತದೆ, ಕೊನೆಯದಕ್ಕೆ ವಾಪಸ್ ಬಂದು ಕೂತವರು. ಈ ಸತ್ಯ ಅಮೆರಿಕದ ದರಪಟ್ಟಿಗೆ ಇಳಿಯಲು 2007ರವರೆಗೆ ಕಾಯಬೇಕಾಯಿತು. ಅಲ್ಲಿಯ ತನಕ ಕಾರ್ಯಕ್ರಮದ ರೇಟಿಂಗ್ ಮೇಲೆ ವ್ಯವಹಾರ ನಡೆಯುತ್ತಿತ್ತು, ಬ್ರೇಕ್‌ನಲ್ಲಿ ಎದ್ದು ಹೋದವರ ತಲೆಗೂ ಜಾಹೀರಾತುದಾರ ದುಡ್ಡು ಕಟ್ಟುತ್ತಿದ್ದ. ಆಮೇಲೆ ಅಲ್ಲಿ ನೋಡುಗರ ಲೆಕ್ಕ ಇಡುವ ನೀಲ್ಸನ್ ಕಂಪನಿಯ ಸಿ3 ಅಳತೆ ಬಂತು: ಜಾಹೀರಾತು ನಿಮಿಷಗಳದ್ದೇ ಸರಾಸರಿ ರೇಟಿಂಗ್, ರೆಕಾರ್ಡ್ ಮಾಡಿ ಮೂರು ದಿನದೊಳಗೆ ನೋಡಿದವರನ್ನೂ ಸೇರಿಸಿ. ಆದರೂ ಅದು ಸರಾಸರಿಯೇ. ಬ್ರೇಕ್‌ನ ನಟ್ಟನಡುವೆ ಸಿಕ್ಕಿದವನಿಗೆ ನ್ಯಾಯ ಸಿಗಲಿಲ್ಲ.

ಜನಪ್ರಿಯತೆಯೇ ಮಾರಾಟ ಎಂದು ನಂಬುವವರು ಒಂದು ಹಳೆಯ ಪ್ರಕರಣ ನೋಡಬೇಕು. 1951ರ ಅಕ್ಟೋಬರ್‌ನಲ್ಲಿ ಶುರುವಾದ ‘ಐ ಲವ್ ಲೂಸಿ’ಗೆ ಫಿಲಿಪ್ ಮಾರಿಸ್ ಸಿಗರೇಟ್ ಪ್ರಾಯೋಜಕ. 1953ರ ಜನವರಿ 19ರಂದು ಲೂಸಿಗೆ ಮಗು ಹುಟ್ಟಿದ ಕಂತನ್ನು ಟೀವಿಯಿದ್ದ ಮನೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ನೋಡಿದವು. ಇಷ್ಟಾದರೂ ಸಿಗರೇಟ್ ಮಾರಾಟ ಮೇಲೇಳದೆ, 1955ರಲ್ಲಿ ಕಂಪನಿ ಕೈಬಿಟ್ಟಿತು. ಮುಂದಿನ ಸೀಸನ್ನಿನ ಪ್ರಾಯೋಜಕರು ಆಹಾರ ಪದಾರ್ಥದ ಜನರಲ್ ಫುಡ್ಸ್ ಮತ್ತು ಸೋಪಿನ ಪ್ರಾಕ್ಟರ್ ಅಂಡ್ ಗ್ಯಾಂಬಲ್. ಸಿಟ್‌ಕಾಮ್ ನೋಡುವುದು ಮನೆಮಂದಿಯೆಲ್ಲ ಕೂತು, ಹಾಗಾಗಿ ಅದರ ಬ್ರೇಕ್‌ಗೆ ಹೊಂದುವುದು ಮನೆಗೆ ತರುವ ದಿನಬಳಕೆಯ ಸಾಮಾನೇ.

ನಿಜವಾದ ಲಾಭ ಇರುವುದು ಮರುಪ್ರಸಾರದಲ್ಲಿ. ರಹಸ್ಯ ಬಯಲಾದ ಪತ್ತೇದಾರಿ ಕಂತನ್ನು ಎರಡನೇ ಸಲ ನೋಡುವವರು ಕಡಿಮೆ. ನಗುವಿನ ಕಂತನ್ನು ಸಂಭಾಷಣೆ ಬಾಯಿಪಾಠ ಇದ್ದರೂ ನೋಡುತ್ತಾರೆ. ದರ ಕಡಿಮೆ, ನೋಡುಗರ ಸಂಖ್ಯೆಯಲ್ಲಿ ಏರಿಳಿತ ಕಡಿಮೆ. ಅಮೆರಿಕದ ಸಿಂಡಿಕೇಷನ್ ಪದ್ಧತಿಯಲ್ಲಿ ಊರೂರಿನ ಸ್ಟೇಷನ್ ಹಳೆಯ ಕಂತುಗಳನ್ನು ಕೊಳ್ಳುತ್ತದೆ, ಕೆಲವು ನಿಮಿಷಗಳನ್ನು ವಿತರಕರಿಗೆ ಬಿಟ್ಟು ಉಳಿದದ್ದನ್ನು ತಾನೇ ಮಾರುತ್ತದೆ. ಹೀಗಾಗಿ ಒಂದು ಊರಿನ ಪೀಠೋಪಕರಣದ ಅಂಗಡಿಗೂ ‘ಸೈನ್‌ಫೆಲ್ಡ್’ ಬ್ರೇಕ್‌ನಲ್ಲಿ ಜಾಗ ಸಿಗುತ್ತದೆ.

ಕುಂದೂ ಇದೆ. ಮರುಪ್ರಸಾರದಲ್ಲಿ ಜಾಹೀರಾತು ತುಂಬಲು ವಾಹಿನಿಗಳು ಕಂತಿನ ದೃಶ್ಯ ಕತ್ತರಿಸುತ್ತವೆ, ಇಲ್ಲವೇ ವೇಗ ಹೆಚ್ಚಿಸುತ್ತವೆ. ಟಿಬಿಎಸ್ ವಾಹಿನಿಯ ‘ಸೈನ್‌ಫೆಲ್ಡ್’ ಮೂಲಕ್ಕಿಂತ ಶೇ 7ಕ್ಕೂ ಹೆಚ್ಚು ವೇಗವಾಗಿ ಓಡುತ್ತಿದೆಯೆಂದು ನೋಡುಗರು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದು 2015ರಲ್ಲಿ ಸುದ್ದಿಯಾಯಿತು. 25 ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ ಉಳಿತಾಯ. ವಾಹಿನಿಗೆ ಲಾಭ, ನಿಮಗೆ ನಷ್ಟ: ಬ್ರೇಕ್ ಉದ್ದವಾದಷ್ಟೂ ನಿಮ್ಮ 30 ಸೆಕೆಂಡ್ ಗುಂಪಿನಲ್ಲಿ ಕಳೆದುಹೋಗುತ್ತದೆ. ಮೇಲಾಗಿ ಒಳ್ಳೆಯ ಹಳೆಯ ಶೋಗಳು ಸ್ಟ್ರೀಮಿಂಗ್ ಕಡೆ ಹೊರಟಿವೆ. ‘ಸೈನ್‌ಫೆಲ್ಡ್’ 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋದಾಗ ಅಲ್ಲಿ ಜಾಹೀರಾತೇ ಇರಲಿಲ್ಲ.

ನಮ್ಮ ಕಡೆಯ ಲೆಕ್ಕ ಬೇರೆ ಘಟಕದ್ದು. ಕನ್ನಡ ವಾಹಿನಿಗಳಲ್ಲಿ ದರ ಹೇಳುವುದು 10 ಸೆಕೆಂಡಿಗೆ. 20 ಸೆಕೆಂಡಿನ ಜಾಹೀರಾತು ಫಿಲ್ಮ್ ಎಂದರೆ ಎರಡು ಘಟಕ, ಮೇಲೆ ಜಿಎಸ್‌ಟಿ. ಈಟಿವಿ ಕನ್ನಡದ ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ಎರಡೂ ಹಲವು ವರ್ಷಗಳ ನಂತರ ಕಲರ್ಸ್ ಸೂಪರ್‌ನಲ್ಲಿ ಹೊಸ ರೂಪದಲ್ಲಿ ಬಂದದ್ದು ನೋಡಿದರೆ, ಪರಿಚಿತ ನಗುವಿಗೆ ಇಲ್ಲಿಯೂ ವ್ಯಾಪಾರದ ಬೆಲೆ ಇದೆ ಎಂದು ವಾಹಿನಿಗಳಿಗೆ ಗೊತ್ತು. ಕೊಳ್ಳುವಾಗ ಶೋವಿನ ಹೆಸರಿಗೆ ಮರುಳಾಗದೆ ಒಂದು ರೇಟಿಂಗ್ ಪಾಯಿಂಟ್‌ಗೆ (ಗುರಿಯಿಟ್ಟ ಜನರಲ್ಲಿ ನೂರಕ್ಕೆ ಒಬ್ಬರು) ಎಷ್ಟು ಬೀಳುತ್ತದೆ ಎಂದು ನೋಡಿ. ಲೆಕ್ಕಕ್ಕೆಂದು ಹಿಡಿಯಿರಿ: ಹೊಸ ಕಂತಿನ 10 ಸೆಕೆಂಡಿಗೆ 6,000 ರೂಪಾಯಿ, ರೇಟಿಂಗ್ 1.5. ಪಾಯಿಂಟ್‌ಗೆ 4,000. ಮಧ್ಯಾಹ್ನದ ಮರುಪ್ರಸಾರಕ್ಕೆ 1,200, ರೇಟಿಂಗ್ 0.5. ಪಾಯಿಂಟ್‌ಗೆ 2,400. ಎರಡನೆಯದು ಅಗ್ಗ ನಿಜ, ಆದರೆ ದಿನವೂ ಅದೇ ಮನೆಗಳು ಸಿಗುತ್ತವೆ. ಹೊಸಬರನ್ನು ಮುಟ್ಟಬೇಕಾದರೆ ಮೊದಲನೆಯದರಲ್ಲಿ ವಾರಕ್ಕೆ ಎರಡು ಮೂರು ಸ್ಪಾಟ್ ಇಟ್ಟು, ನೆನಪು ಉಳಿಸಲು ಮರುಪ್ರಸಾರ ಸೇರಿಸಿ.

ರೇಟಿಂಗ್ ಕೇಳುವಾಗ ಒಂದು ವಾರದ ಅಂಕಿ ಒಪ್ಪಬೇಡಿ. ಇಲ್ಲಿ ಟೀವಿ ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ಇರುವುದು ಆಯ್ದ ಮನೆಗಳಲ್ಲಿ, ಅದರಲ್ಲಿ ಕರ್ನಾಟಕದ ಪಾಲು, ಅದರೊಳಗೆ ನಿಮಗೆ ಬೇಕಾದ ವಯಸ್ಸಿನವರು ಎಂದು ಸೋಸುತ್ತಾ ಹೋದರೆ ಕೈಗೆ ಉಳಿಯುವುದು ಸಣ್ಣ ಗುಂಪು. ನಾಲ್ಕು ವಾರದ ಸರಾಸರಿ ಕೇಳಿ, ಅದೂ ನಿಮ್ಮ ಗ್ರಾಹಕರ ವಯೋಮಾನದ್ದು. ಬೆಂಗಳೂರಿನ ಜಯನಗರದಲ್ಲಿ ಒಂದೇ ಅಂಗಡಿ ಇರುವವರು ಈ ಮಾಲು ಕೊಳ್ಳಲೇಬಾರದು. ಉಪಗ್ರಹ ವಾಹಿನಿಯ ಸ್ಪಾಟ್ ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ಸಮ ಬೀಳುತ್ತದೆ, ಅಷ್ಟಕ್ಕೂ ನೀವೇ ದುಡ್ಡು ಕಟ್ಟಬೇಕು. ರಾಜ್ಯದಾದ್ಯಂತ ಸಿಗುವ ಮಸಾಲೆ ಪುಡಿ, ಅಗರಬತ್ತಿ, ಪಂಪ್‌ಸೆಟ್ ಮಾರುವವರಿಗೆ ಇದೇ ಅನುಕೂಲ.

‘ಬೋನಸ್ ಸ್ಪಾಟ್’ ಕಂಡರೆ ಹುಷಾರು. ಹತ್ತಕ್ಕೆ ಹತ್ತು ಉಚಿತ ಎಂದಾಗ ಆ ಉಚಿತ ಹತ್ತು ಯಾವ ಗಂಟೆಯಲ್ಲಿ ಎಂದು ಬರೆಸಿಕೊಳ್ಳದಿದ್ದರೆ ರಾತ್ರಿ ಎರಡಕ್ಕೆ ಓಡಿಸಿ ಮುಗಿಸುತ್ತಾರೆ. ಅಗ್ಗವೆಂದು ಬರುವ ಆರ್‌ಒಡಿಪಿ, ಅಂದರೆ ದಿನದ ಯಾವುದೋ ಹೊತ್ತಿಗೆ ಹಾಕುವ ಪ್ಯಾಕೇಜ್, ಹಾಸ್ಯ ಧಾರಾವಾಹಿಯ ಹೆಸರಲ್ಲಿ ಮಾರಾಟವಾದರೂ ಆ ಧಾರಾವಾಹಿಗೆ ತಗಲುವ ಖಾತ್ರಿಯೇ ಇಲ್ಲ. ಪರದೆಯ ಅಂಚಿನಲ್ಲಿ ಬರುವ ಪಟ್ಟಿ ಜಾಹೀರಾತು ಮಾತ್ರ ನಗೆ ಧಾರಾವಾಹಿಗೆ ಹೇಳಿ ಮಾಡಿಸಿದ್ದು. ಬ್ರೇಕ್ ಇಲ್ಲ, ಯಾರೂ ಎದ್ದು ಹೋಗಿಲ್ಲ. ಅದಕ್ಕೆ ದನಿ ಇರುವುದಿಲ್ಲ, ಹಾಗಾಗಿ ಬ್ರ್ಯಾಂಡ್ ಹೆಸರು, ಒಂದು ಚಿತ್ರ, ನಾಲ್ಕು ಪದ ಮೀರಿದರೆ ಓದುವವರಿಲ್ಲ.

ಆರ್ಡರ್‌ನಲ್ಲಿ ಬರೆಸಬೇಕಾದದ್ದು: ಕಾರ್ಯಕ್ರಮದ ಹೆಸರು ಮತ್ತು ಸಮಯ, ಹೊಸ ಕಂತೋ ಮರುಪ್ರಸಾರವೋ, ಬ್ರೇಕ್‌ನ ಮೊದಲ ಅಥವಾ ಕೊನೆಯ ಸ್ಥಾನ ಎಷ್ಟು ಪಾಲು, ಅದೇ ಬ್ರೇಕ್‌ನಲ್ಲಿ ಪ್ರತಿಸ್ಪರ್ಧಿ ಇರಬಾರದು, ತಪ್ಪಿದ ಸ್ಪಾಟ್‌ಗೆ ಎಷ್ಟು ದಿನದೊಳಗೆ ಅದೇ ದರ್ಜೆಯ ಬದಲಿ. ಸ್ಥಾನಕ್ಕೆ ಹೆಚ್ಚುವರಿ ಶುಲ್ಕ ಕೇಳಿಯೇ ಕೇಳುತ್ತಾರೆ, ಮೊದಲ ಸ್ಥಾನಕ್ಕಾದರೆ ಕೊಡಬಹುದು. ಪ್ರಸಾರವಾದ ಮೇಲೆ ವಾಹಿನಿ ಕೊಡುವ ಟೆಲಿಕಾಸ್ಟ್ ಸರ್ಟಿಫಿಕೇಟ್ ಅವರದೇ ಹೇಳಿಕೆ. ಅದನ್ನು ಟ್ಯಾಮ್‌ನ ಆಡ್‌ಎಕ್ಸ್‌ನಂಥ ಹೊರಗಿನ ಮಾನಿಟರಿಂಗ್ ವರದಿಯ ಜೊತೆ ಸಾಲುಸಾಲಾಗಿ ತಾಳೆ ನೋಡಿ. ಸಮಯದ ಜೊತೆಗೆ ಅವಧಿಯ ಕಾಲಮ್ಮನ್ನೂ ನೋಡಿ: 20 ಸೆಕೆಂಡಿನ ಫಿಲ್ಮ್ 18ಕ್ಕೇ ಕತ್ತರಿಸಿದ್ದರೆ ಹೋಗುವುದು ಕೊನೆಯ ಫ್ರೇಮ್, ಫೋನ್ ನಂಬರ್ ಇರುವುದು ಅಲ್ಲೇ. ಬಿಲ್ ಪಾವತಿಸುವ ಮುಂಚೆ ಆ ಸಾಲುಗಳ ಮೊತ್ತ ಕಳೆಯಿರಿ. ಪಾವತಿಸಿದ ಮೇಲೆ ಕೇಳಿದರೆ ಸಿಗುವುದು ಮತ್ತೆರಡು ಬೋನಸ್ ಸ್ಪಾಟ್.