ಗೆದ್ದಲಿಗೆ ನೆಲ ಕೊರೆಸಿ ಮದ್ದು ಹಾಕಿಸಿದ್ದು: ಕೆಲವು ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯ

ಕೊಡಗಿನಲ್ಲಿ ಹಳೇ ಹಂಚಿನ ಮನೆ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೋಡೆ ಬುಡದಲ್ಲಿ ತೂತು ಕೊರೆದು ಮದ್ದು ಬಿಡುವ ಈ ಸರ್ವಿಸ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಆದರೆ ಗೋಡೆ ಬುಡದಲ್ಲಿ ನೀರು ನಿಲ್ಲುತ್ತಿದ್ದರೆ ಎಂಥ ಮದ್ದೂ ಪೂರ್ತಿ ಕೈ ಹಿಡಿಯುವುದಿಲ್ಲ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಹೆಚ್ಚಿನವರು ಮಾಡುವ ವಿಧಾನ ಇದೇ.

ನಮ್ಮದು ಸುಂಟಿಕೊಪ್ಪದ ಹತ್ತಿರ ತೋಟದೊಳಗಿನ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲ. ಸುತ್ತ ಕಾಫಿ ಗಿಡ, ಮರದ ನೆರಳು, ಕೊಳೆತ ಎಲೆ, ಕಡಿದ ಮರದ ಬುಡ. ಗೆದ್ದಲಿಗೆ ಇನ್ನೇನು ಬೇಕು ಹೇಳಿ? ಹಿಂದಿನ ಕೋಣೆಯ ದಾರಂದ (ಬಾಗಿಲ ಚೌಕಟ್ಟು) ನೋಡಲು ಚೆನ್ನಾಗಿಯೇ ಇತ್ತು, ಪೇಂಟ್ ಕೂಡ ಹೊಳೆಯುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಪೇಂಟಿನ ಪದರ ಹಪ್ಪಳದ ಹಾಗೆ ಒಳಗೆ ಕುಸಿಯಿತು. ಒಳಗೆ ಮರವೇ ಇಲ್ಲ, ಬರೀ ಒದ್ದೆ ಮಣ್ಣು, ಅದರಲ್ಲಿ ಬಿಳಿ ಹುಳ. ಅದಕ್ಕೂ ಮೊದಲು ಮನೆಯಲ್ಲಿ ಸೀಮೆಎಣ್ಣೆ, ಡೀಸೆಲ್ ಎಲ್ಲ ಹಾಕುತ್ತಿದ್ದರು. ಅದು ತಾಗಿದ ಹುಳ ಸಾಯುತ್ತದೆ, ಅಷ್ಟೇ. ರಾಣಿ, ಗೂಡು ಎಲ್ಲ ಇರುವುದು ಮಣ್ಣಿನಡಿ. ಮರ ತಿನ್ನಲು ಬರುವುದು ಕೆಲಸದ ಹುಳಗಳು ಮಾತ್ರ.

ಸರ್ವಿಸ್‌ನಲ್ಲಿ ನನಗೆ ಹಿಡಿಸಿದ್ದು, ಬಂದವರು ಡ್ರಿಲ್ ತೆಗೆಯುವ ಮೊದಲು ಮನೆಯಿಡೀ ನೋಡಿದ್ದು. ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ಬಾಗಿಲು, ಕಿಟಕಿ ತಟ್ಟಿದರು. ಟೊಳ್ಳು ಸದ್ದು ಬಂದ ಕಡೆ ಚಾಕ್‌ನಲ್ಲಿ ಗುರುತು ಹಾಕಿದರು. ಬಚ್ಚಲ ಗೋಡೆಗೆ ಒರಗಿಸಿದ್ದ ಸೌದೆ ರಾಶಿ ನೋಡಿ, "ಅಕ್ಕ, ಮೊದಲು ಇದನ್ನ ದೂರ ಹಾಕಿಸಿ, ಆಮೇಲೆ ಮದ್ದಿನ ಮಾತು" ಎಂದರು. ಹೀಗೆ ನೋಡದೆ ಫೋನ್‌ನಲ್ಲೇ ಚದರಡಿ ಲೆಕ್ಕದಲ್ಲಿ ರೇಟ್ ಹೇಳುವವರನ್ನು ಕರೆಸಲೇಬೇಡಿ.

ಕೆಲಸ ಹೀಗಿರುತ್ತದೆ. ಗೋಡೆಯೂ ನೆಲವೂ ಸೇರುವ ಕಡೆ ಸುಮಾರು ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆಯುತ್ತಾರೆ. ಅದರ ಮೂಲಕ ಕೆಳಗಿನ ಮಣ್ಣಿಗೆ ಮದ್ದು ಬಿಡುತ್ತಾರೆ. ನಮ್ಮಲ್ಲಿ ಹಾಕಿದ್ದು ಇಮಿಡಾಕ್ಲೋಪ್ರಿಡ್ 30.5 ಶೇಕಡದ್ದು, ಲೀಟರ್ ನೀರಿಗೆ 2.1 ಮಿ.ಲೀ. ಲೆಕ್ಕ. ಕಲಸುವಾಗ ಎದುರಿಗೇ ನಿಂತುಕೊಳ್ಳಿ, ಬಾಟಲಿಯ ಸೀಲ್ ನೋಡಿ. ಈ ಮದ್ದಿನ ಜಾಣತನ ಏನೆಂದರೆ ಗೆದ್ದಲಿಗೆ ಇದು ಇರುವುದೇ ಗೊತ್ತಾಗುವುದಿಲ್ಲ. ಹೆದರಿ ಬೇರೆ ದಾರಿ ಹಿಡಿಯದೆ ಅದರಲ್ಲೇ ಓಡಾಡುತ್ತವೆ, ಮೈಗೆ ಅಂಟಿಸಿಕೊಂಡು ಜೊತೆಯವಕ್ಕೂ ಹಂಚುತ್ತವೆ. ಹಾಗಾಗಿ ಮರುದಿನವೇ ಎಲ್ಲ ಸಾಯಲಿಲ್ಲ ಎಂದು ಗಾಬರಿ ಬೇಡ, ವಾರಗಳು ಹಿಡಿಯುತ್ತವೆ. ತೂತಿಗೆ ಬಿಳಿ ಸಿಮೆಂಟ್ ತುಂಬುತ್ತಾರೆ. ರೆಡ್ ಆಕ್ಸೈಡ್ ನೆಲದಲ್ಲಿ ಅದು ಸಾಲಾಗಿ ಎದ್ದು ಕಾಣುತ್ತದೆ. ಸಿಮೆಂಟಿಗೆ ಬಣ್ಣ ಬೆರೆಸಿ ಎಂದು ಮೊದಲೇ ಹೇಳಿ.

ಮೊದಲ ಮಳೆಗಾಲ ಪೂರ್ತಿ ನೆಮ್ಮದಿ. ಗೆದ್ದಲು ಓಡಾಡಲು ಗೋಡೆ ಮೇಲೆ ಕಟ್ಟಿದ್ದ ಮಣ್ಣಿನ ಗೆರೆ ಒಡೆದ ಮೇಲೆ ಮತ್ತೆ ಏಳಲಿಲ್ಲ. ನಂತರದ ಮಳೆಗೆ ಬಚ್ಚಲ ಕಡೆಯ ಗೋಡೆಯಲ್ಲಿ ಮಾತ್ರ ಮತ್ತೆ ಎದ್ದಿತು. ಬೇಸರವಾದದ್ದು ಇಲ್ಲಿ. ಐದು ವರ್ಷ ವಾರಂಟಿ ಎಂದವರು ಎಷ್ಟು ಸಲ ಫೋನ್ ಮಾಡಿದರೂ "ಮಳೆ ಬಿಡ್ಲಿ, ಬರ್ತೀವಿ" ಎನ್ನುತ್ತಿದ್ದರು. ನಮ್ಮೂರ ಮಳೆ ಬಿಡುವುದು ಯಾವಾಗ? ಕೊನೆಗೆ ಬಂದ ಹುಡುಗ ಕಾರಣ ಹಿಡಿದ. ಮಾಡಿನ ನೀರು ಇಳಿಯುವ ಪೈಪ್ ಬುಡದಲ್ಲಿ ಬಿರುಕು ಬಿಟ್ಟು ನೀರೆಲ್ಲ ಆ ಗೋಡೆಗೇ ಸುರಿಯುತ್ತಿತ್ತು. ಅಲ್ಲಿಯ ಮಣ್ಣು ಕೊಚ್ಚಿ ಹೋಗಿತ್ತು, ಜೊತೆಗೆ ಮದ್ದೂ. ಪೈಪ್ ಬದಲಿಸಿ ನೀರು ತೋಡಿಗೆ ಹೋಗುವ ಹಾಗೆ ಮಾಡಿದೆವು. ಆ ಬದಿಗೆ ದುಡ್ಡಿಲ್ಲದೆ ಮತ್ತೆ ಮದ್ದು ಬಿಟ್ಟರು. ಆಮೇಲೆ ಇಲ್ಲಿಯವರೆಗೆ ತೊಂದರೆ ಇಲ್ಲ. ಹೊಸದಾಗಿ ನೆಲ ಅಗೆಸಿದರೆ, ಟೈಲ್ಸ್ ಹಾಕಿಸಿದರೆ ವಾರಂಟಿ ಇರುತ್ತದೋ ಇಲ್ಲವೋ, ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ.

ಒಂದು ವಿಷಯ ಅವರು ತಾವಾಗಿ ಹೇಳುವುದಿಲ್ಲ. ಅಟ್ಟದ ಪಕಾಸಿನಿಂದ (ಹಂಚು ಹೊರುವ ಮರದ ಪಟ್ಟಿ) ನುಣ್ಣನೆ ಹಿಟ್ಟು ಉದುರುತ್ತಿದ್ದರೆ, ಮರದಲ್ಲಿ ಸಣ್ಣ ಗುಂಡು ತೂತು ಇದ್ದರೆ, ಅದು ಗೆದ್ದಲಲ್ಲ, ಕುಟ್ಟೆ ಹುಳ. ಅದು ಮರದೊಳಗೇ ಹುಟ್ಟಿ ಬೆಳೆಯುವುದು. ನೆಲಕ್ಕೆ ಹಾಕಿದ ಮದ್ದಿನಿಂದ ಅದಕ್ಕೆ ಏನೂ ಆಗದು, ಮರಕ್ಕೇ ಬೇರೆ ಮದ್ದು ಹೊಡೆಸಬೇಕು. ಜೊತೆಗೆ ಅಡುಗೆಮನೆಯ ಜಿರಳೆಗೆ ಜೆಲ್ ಚುಕ್ಕೆ ಇಟ್ಟರು, ಚೆನ್ನಾಗಿ ಕೆಲಸ ಮಾಡಿತು. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬೇಡಿ, ಜಿರಳೆ ತಿನ್ನಲು ಬರುವುದಿಲ್ಲ.

ಬಾವಿ ಇರುವ ಕಡೆಯ ಗೋಡೆಗೆ ಕೊರೆಯಲು ನಾನು ಬಿಡಲಿಲ್ಲ. ಈ ಮದ್ದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕುಡಿಯುವ ನೀರಿನ ವಿಷಯದಲ್ಲಿ ಹುಡುಗಾಟ ಬೇಡ. ಅಲ್ಲಿ ಮರಕ್ಕೆ ಮಾತ್ರ ಬ್ರಷ್‌ನಲ್ಲಿ ಹಚ್ಚಿಸಿದೆವು. ಜೇನು ಪೆಟ್ಟಿಗೆ ಇಟ್ಟವರು ಇನ್ನೂ ಜಾಗ್ರತೆ ಮಾಡಬೇಕು, ಇದು ಜೇನಿಗೆ ತುಂಬಾ ವಿಷ. ಕಾಫಿ ಹೂ ಬಿಡುವ ಮೊದಲೇ, ಜನವರಿ ಸುಮಾರಿಗೆ ಮಾಡಿಸಿದರೆ ಮಣ್ಣೂ ಒಣಗಿರುತ್ತದೆ, ಮಳೆಗೂ ಸಮಯ ಇರುತ್ತದೆ. ಪಂಪ್ ತೊಳೆದ ನೀರನ್ನು ತೋಡಿಗೋ ಗಿಡದ ಬುಡಕ್ಕೋ ಚೆಲ್ಲಲು ಹೊರಟರೆ ಅಲ್ಲೇ ತಡೆಯಿರಿ.