ಅಗೆಯದ ಮಡಿಗೆ ಯಾವ ಗೊಬ್ಬರ: ಹಸುವಿನದಾ, ಕುರಿಯದಾ, ಕೋಳಿಯದಾ?

ನೆಲ ಅಗೆಯದೆ, ಕಳೆ ಮೇಲೆ ರಟ್ಟು ಹಾಸಿ, ಚೆನ್ನಾಗಿ ನೆನೆಸಿ, ಅದರ ಮೇಲೆ 4 ಇಂಚು ಗೊಬ್ಬರ ಹರಡಿ ಮಡಿ ಮಾಡ್ತೀರಾ? ಹಾಗಾದರೆ ನನ್ನ ಮೊದಲ ಆಯ್ಕೆ ಕೊಟ್ಟಿಗೆ ಗೊಬ್ಬರವೇ. ಸಾರ ಕಡಿಮೆ, ಸಾರಜನಕ ಅರ್ಧ ಪರ್ಸೆಂಟ್ ಆಸುಪಾಸು ಅಷ್ಟೇ. ಆದರೆ ಇಲ್ಲಿ ಅದೇ ಅನುಕೂಲ ಅಲ್ವಾ, ಚೆನ್ನಾಗಿ ಕಳಿತಿದ್ದರೆ ದಪ್ಪಗೆ ಹಾಕಿದರೂ ಸಸಿ ಸುಡುವುದಿಲ್ಲ, ತೇವ ನಿಲ್ಲುತ್ತದೆ, ಎರೆಹುಳು ಬೇಗ ಬರುತ್ತವೆ.

ತೊಂದರೆ ಎರಡು. ಹಸು ತಿಂದ ಹುಲ್ಲಿನ ಬೀಜ ಸೆಗಣಿಯಲ್ಲಿ ಸಾಯದೆ ಬಂದು ಮಡಿ ತುಂಬಾ ಕಳೆಯಾಗುತ್ತದೆ. ಇನ್ನೊಂದು ಗೊಣ್ಣೆಹುಳು. ತಿಪ್ಪೆಯಿಂದ ತಂದ ತಕ್ಷಣ ಹೆಂಟೆ ಒಡೆದು ನೋಡಿ. ಬಿಳಿ ಮೈ, ಕಂದು ತಲೆ, ಅರ್ಧಚಂದ್ರದ ಹಾಗೆ ಮುದುಡಿಕೊಂಡಿರುತ್ತದೆ. ಬಿಟ್ಟರೆ ಬೇರು ತಿಂದು ಹಾಕುತ್ತದೆ, ಆರಿಸಿ ತೆಗೆಯಲೇಬೇಕು.

ಕುರಿ ಗೊಬ್ಬರಕ್ಕೆ ಸಾರ ಜಾಸ್ತಿ. ಆದರೆ ಹಿಕ್ಕೆ ಗಟ್ಟಿ, ಪುಡಿ ಮಾಡಿ ಕೊಳೆಸದಿದ್ದರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಮೇಲ್ಪದರಕ್ಕೆ ಒಂದಿಂಚು ಸಾಕು.

ಕೋಳಿ ಗೊಬ್ಬರ ಮೂರರಲ್ಲೂ ಖಾರ. ಸುಮ್ನೆ ಹಸಿಯಾಗಿ ಸುರಿದರೆ ಬೇರು ಸುಡುತ್ತದೆ. ಒಣಗಿದ ಎಲೆ ಬೆರೆಸಿ ಕೊಳೆಸಿ, ಮೂಗಿಗೆ ಹೊಡೆಯುವ ಘಾಟು ಪೂರ್ತಿ ಹೋದ ಮೇಲೆ, ಹತ್ತು ಬುಟ್ಟಿ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಬುಟ್ಟಿ ಸೇರಿಸಿ. ಬದನೆ, ಟೊಮೆಟೊ ಮಡಿಗೆ ಒಳ್ಳೆಯದು, ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ ಮಡಿಗೆ ನಾನಂತೂ ಹಾಕುವುದಿಲ್ಲ.