ಸ್ಪೀಕರ್ ಪೆಟ್ಟಿಗೆಗೆ ವೆನೀರ್ ಅಂಟಿಸಲು ಬಿಳಿ ಫೆವಿಕಾಲ್, ಇಸ್ತ್ರಿ ಪೆಟ್ಟಿಗೆ ಸಾಕು

ಮನೆಯಲ್ಲೇ ಮಾಡಿದ ಸ್ಪೀಕರ್ ಪೆಟ್ಟಿಗೆಗೆ ವೆನೀರ್, ಅಂದರೆ ಮರದ ತೆಳು ಹಾಳೆ, ಅಂಟಿಸಬೇಕು ಅಂತಿದ್ದರೆ ಕಾಂಟ್ಯಾಕ್ಟ್ ಅಂಟಿನ ಡಬ್ಬ ತರಬೇಡಿ. ಬಡಗಿಗಳು ದಿನಾ ಬಳಸುವ ಫೆವಿಕಾಲ್ ಎಸ್‌ಎಚ್ ತನ್ನಿ, ಜೊತೆಗೆ ಒಂದು ಹಳೆಯ ಇಸ್ತ್ರಿ ಪೆಟ್ಟಿಗೆ ಇರಲಿ. ನಾನು ಎರಡೂ ರೀತಿ ಮಾಡಿ ನೋಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮೊದಲ ಜೋಡಿಯನ್ನು ಅಪ್ಪನ ಕೋಣೆಗೆ ಅಂತ ಮಾಡಿದ್ದೆ. ಆಗ ಬಳಸಿದ್ದು ಈ ಕಾಂಟ್ಯಾಕ್ಟ್ ಅಂಟು, ಅಂದರೆ ಡಬ್ಬದಲ್ಲಿ ಬರುವ, ಮೂಗಿಗೆ ಅಡರುವ ವಾಸನೆಯ ರಬ್ಬರ್ ಅಂಟು. ಎರಡೂ ಕಡೆ ಸವರಿ, ಒಣಗಿಸಿ, ಒಂದಕ್ಕೊಂದು ತಾಗಿಸಿದರೆ ಮುಗಿಯಿತು, ಆಮೇಲೆ ಕೂದಲೆಳೆಯಷ್ಟೂ ಸರಿಸಲು ಆಗುವುದಿಲ್ಲ. ಅದನ್ನಾದರೂ ಹೇಗೋ ನಿಭಾಯಿಸಿದೆ. ನಿಜವಾದ ತೊಂದರೆ ಬಂದದ್ದು ಪಾಲಿಶ್ ಹಾಕಿದ ಮೇಲೆ. ವೆನೀರ್ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ ಅಷ್ಟೇ, ಮೆಲಮೈನ್ ಪಾಲಿಶ್‌ನಲ್ಲಿರುವ ಥಿನ್ನರ್ ಮರದ ಸಣ್ಣ ರಂಧ್ರಗಳಿಂದ ಕೆಳಗಿಳಿದು ರಬ್ಬರ್ ಅಂಟನ್ನು ಮೆತ್ತಗೆ ಮಾಡುತ್ತದೆ. ವಾರದೊಳಗೆ, ಕಿಟಕಿಯ ಬಿಸಿಲು ಬೀಳುವ ಕಡೆ ರೂಪಾಯಿ ಅಗಲದ ಗುಳ್ಳೆಗಳು ಎದ್ದವು. ತುಂಬಾ ಬೇಜಾರಾಯಿತು. ಅಷ್ಟು ದಿನ ಉಜ್ಜಿದ್ದೆಲ್ಲ ಹೋಯಿತು, ವೆನೀರ್ ಕಿತ್ತು ಪೆಟ್ಟಿಗೆಗೆ ಕಪ್ಪು ಬಣ್ಣ ಬಳಿದೆ.

ಎರಡನೇ ಜೋಡಿಗೆ ಎಸ್‌ಎಚ್. ಪೆಟ್ಟಿಗೆ 18 ಮಿ.ಮೀ. ದಪ್ಪದ, ಮರದ ನಾರನ್ನು ಒತ್ತಿ ಮಾಡಿದ ಹಲಗೆಯಾದ ಎಂಡಿಎಫ್‌ನದು, 14 ಇಂಚು ಎತ್ತರ, 8 ಅಗಲ, 10 ಆಳ. ಆರೂ ಮುಖ ಸೇರಿ ಒಂದಕ್ಕೆ ಸುಮಾರು 4.6 ಚದರ ಅಡಿ. ಎರಡಕ್ಕೆ 9 ಚಿಲ್ಲರೆ ಆಗುತ್ತದೆ, ಆದರೆ 14 ಚದರ ಅಡಿ ತನ್ನಿ. ಪ್ರತಿ ತುಂಡನ್ನೂ ಸುತ್ತ ಅರ್ಧ ಇಂಚು ಜಾಸ್ತಿ ಕತ್ತರಿಸಬೇಕಲ್ವಾ, ಸೀಳಿ ಹಾಳಾಗುವುದೂ ಇದ್ದೇ ಇರುತ್ತದೆ.

ಅಂಗಡಿಗೆ ಹೋಗಿ ಸುಮ್ನೆ ವೆನೀರ್ ಕೊಡಿ ಅಂದರೆ 4 ಮಿ.ಮೀ. ಪ್ಲೈವುಡ್ ಮೇಲೆ ಮೊದಲೇ ಅಂಟಿಸಿರುವ 8 ಅಡಿ x 4 ಅಡಿ ಹಲಗೆ ತೋರಿಸುತ್ತಾರೆ. ಅದು ಬಾಗಿಲು, ವಾರ್ಡ್‌ರೋಬ್‌ಗೆ ಸರಿ. ನಮಗೆ ಬೇಕಾದದ್ದು ರಾ ವೆನೀರ್, ಅಂದರೆ ಹಾಳೆ ಮಾತ್ರ. ಬೆಂಗಳೂರಿನ ಮೈಸೂರು ರಸ್ತೆ ಟಿಂಬರ್ ಯಾರ್ಡ್ ಕಡೆ ನಾಲ್ಕು ಅಂಗಡಿ ತಿರುಗಿದ ಮೇಲೆ ಸಿಕ್ಕಿತು. ಮೈಸೂರಿನವನಿಗೆ ಬೀಟೆ ಅಂದರೆ ಒಂದು ಕೈ ಜಾಸ್ತಿ ಪ್ರೀತಿ, ಆದರೂ ಕೊನೆಗೆ ಸಾಗುವಾನಿಯೇ ತಂದೆ, ಕ್ವಾರ್ಟರ್ ಕಟ್, ಅಂದರೆ ನೇರ ಗೆರೆ ಬರುವಂತೆ ಸೀಳಿದ್ದು. ಒಂದೇ ಕಟ್ಟಿನಿಂದ ಒಂದರ ಮೇಲೊಂದು ಇದ್ದ ಹಾಳೆಗಳನ್ನೇ ಕೇಳಿ ತೆಗೆದುಕೊಳ್ಳಿ. ಆಗ ಎಡ, ಬಲ ಸ್ಪೀಕರ್‌ಗಳ ಗೆರೆ ಅಕ್ಕತಂಗಿಯರ ಹಾಗೆ ಹೊಂದುತ್ತದೆ.

ಅಂಟಿಸುವ ಕೆಲಸಕ್ಕೆ ಬರುತ್ತೇನೆ. ಎಂಡಿಎಫ್ ಜೋಡಣೆಗಳನ್ನು ಪುಟ್ಟಿ ಹಾಕಿ ಉಪ್ಪು ಕಾಗದದಲ್ಲಿ ನುಣ್ಣಗೆ ಮಾಡಿ, ಇಲ್ಲದಿದ್ದರೆ ಆ ಗೆರೆ ಮುಂದೊಂದು ದಿನ ವೆನೀರ್ ಮೇಲೂ ಮೂಡುತ್ತದೆ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇದೆ, ಹಿಂಬದಿಯನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಆಮೇಲೆ ಎಸ್‌ಎಚ್‌ಗೆ ಸ್ವಲ್ಪ ನೀರು ಬೆರೆಸಿ ರೋಲರ್‌ನಲ್ಲಿ ಹಾಳೆಯ ಹಿಂಬದಿಗೂ ಪೆಟ್ಟಿಗೆಗೂ ಸವರಿ. ಎಂಡಿಎಫ್ ಅಂಟನ್ನು ಕುಡಿಯುತ್ತದೆ, ಅದರಲ್ಲೂ ಕತ್ತರಿಸಿದ ಅಂಚುಗಳು ಕುಡಿಯುತ್ತಲೇ ಇರುತ್ತವೆ, ಅಲ್ಲಿಗೆ ಎರಡನೇ ಸಲ ಬೇಕೇ ಬೇಕು. ಹಾಳೆಗೆ ಅಂಟು ತಾಗಿದ ಕೂಡಲೇ ಅದು ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಗಾಬರಿ ಬೇಡ, ಮೇಲ್ಬದಿಗೆ ತುಸು ನೀರು ಚಿಮುಕಿಸಿದರೆ ನೆಟ್ಟಗಾಗುತ್ತದೆ.

ಅಂಟಿನ ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಕಾಣುವವರೆಗೆ ಕಾಯಿರಿ. ನಾನು ರಾತ್ರಿ ಸವರಿ ಬೆಳಿಗ್ಗೆ ಶುರು ಮಾಡಿದೆ. ಹಾಳೆಯನ್ನು ಅಂಟಿನ ಬದಿ ಕೆಳಗಾಗಿ ಪೆಟ್ಟಿಗೆಯ ಮೇಲಿಡಿ. ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್ ಗುರುತಿಗೆ ಇಟ್ಟು, ಹಬೆ ಇಲ್ಲದೆ, ಹಳೆಯ ಪಂಚೆಯ ತುಂಡಿನ ಮೇಲಿಂದ ನಿಧಾನಕ್ಕೆ ಒತ್ತುತ್ತಾ ಹೋಗಬೇಕು. ಒಣಗಿದ ಅಂಟು ಶಾಖಕ್ಕೆ ಕರಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಹಿಂದೆಯೇ ಮರದ ತುಂಡಿನಿಂದ ಒತ್ತಿ, ಆರುವವರೆಗೂ ಬಿಡಬೇಡಿ. ಬಿಸಿಗೆ ಸಾಗುವಾನಿಯ ವಾಸನೆ ಕೋಣೆಯೆಲ್ಲ ತುಂಬುತ್ತದೆ, ಅದೊಂದು ಸುಖವೇ ಬೇರೆ. ಆಮೇಲೆ ಉಗುರಿನಿಂದ ಇಂಚಿಂಚಾಗಿ ತಟ್ಟುತ್ತಾ ಬನ್ನಿ. ಹಿಡಿದ ಕಡೆ ಗಟ್ಟಿ ಸದ್ದು, ಬಿಟ್ಟ ಕಡೆ ಟೊಳ್ಳು ಸದ್ದು. ಟೊಳ್ಳು ಕೇಳಿದರೆ ಮತ್ತೆ ಇಸ್ತ್ರಿ ಇಟ್ಟು ಒತ್ತಿದರಾಯಿತು, ರಬ್ಬರ್ ಅಂಟಿನಲ್ಲಿ ಈ ಎರಡನೇ ಅವಕಾಶ ನನಗೆ ಸಿಗಲಿಲ್ಲ.

ಹಿಂಭಾಗ, ತಳ ಮೊದಲು, ಆಮೇಲೆ ಬದಿಗಳು, ಮೇಲ್ಭಾಗ, ಕೊನೆಗೆ ಮುಂಭಾಗ. ಹಾಗೆ ಮಾಡಿದರೆ ಮುಂದೆ ಕೂತವರಿಗೆ ಸಂದು ಕಾಣುವುದಿಲ್ಲ. ಹೊರಗೆ ಚಾಚಿದ ಅಂಚನ್ನು ಹೊಸ ಬ್ಲೇಡಿನಲ್ಲಿ ಕತ್ತರಿಸಿ, ಮರದ ತುಂಡಿಗೆ ಸುತ್ತಿದ 180 ನಂಬರಿನ ಉಪ್ಪು ಕಾಗದದಿಂದ ಒಂದೇ ದಿಕ್ಕಿಗೆ ಕೆಳಮುಖವಾಗಿ ಉಜ್ಜಿ. ಮೇಲಕ್ಕೆ ಎಳೆದರೆ ನಾರು ಸೀಳುತ್ತದೆ.

ಕೊರತೆಯೂ ಇದೆ. ಇಸ್ತ್ರಿಯ ಶಾಖಕ್ಕೆ ಹಾಳೆ ಸ್ವಲ್ಪ ಕುಗ್ಗುತ್ತದೆ, ಎರಡು ತುಂಡು ಅಕ್ಕಪಕ್ಕ ಇಟ್ಟರೆ ನಡುವೆ ಸಂದು ಬಿಡಬಹುದು. ಕ್ವಾರ್ಟರ್ ಕಟ್ ಹಾಳೆಗಳು ಅಗಲ ಕಡಿಮೆ, ಅದಕ್ಕೆ 11 ಇಂಚಿನದು ಸಿಗುವವರೆಗೂ ನಾನು ಅಂಗಡಿಯಲ್ಲಿ ಹುಡುಕಿದೆ. ದೊಡ್ಡ ಉಬ್ಬು ತಗ್ಗಿನ ಪೆಟ್ಟಿಗೆಗೆ ಈ ವಿಧಾನ ಕಷ್ಟ, ಚೌಕ ಪೆಟ್ಟಿಗೆಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಪಾಲಿಶ್ ಮಾತ್ರ ಬೇಕೆಂದೇ ಅದೇ ಮೆಲಮೈನ್ ಹಾಕಿದೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ, ಗುಳ್ಳೆ ಎದ್ದಿಲ್ಲ. ಎಡ ಸ್ಪೀಕರ್‌ನ ಹಿಂದಿನ ಒಂದು ಮೂಲೆ ಎದ್ದಿತ್ತು, ಅಲ್ಲಿ ಅಂಚಿಗೆ ಎರಡನೇ ಸಲ ಅಂಟು ಹಚ್ಚಲು ಮರೆತಿದ್ದೆ. ಕಡ್ಡಿಯಲ್ಲಿ ಒಂದು ಹನಿ ಎಸ್‌ಎಚ್ ತೂರಿಸಿ, ಒಣಗಿದ ಮೇಲೆ ಇಸ್ತ್ರಿ ಒತ್ತಿದೆ. ಈಗ ಉಗುರಿನಿಂದ ತಟ್ಟಿದರೆ ಗಟ್ಟಿ ಸದ್ದೇ ಬರುತ್ತದೆ.